ಲಾರಿ ಶೆಡ್ಡಿನ ಡಬ್ಬಿ ಮೇಳ

ಮೊಮ್ಮಗನ ಕೋಣೆಗೆ ಈಚೆಗೆ ಒಂದು ಡ್ರಮ್ ಸೆಟ್ಟು ಬಂದಿದೆ. ಅದರ ದೊಡ್ಡ ಗುಣವೆಂದರೆ ಅದು ಸದ್ದು ಮಾಡುವುದಿಲ್ಲ. ಕರಿ ರಬ್ಬರಿನ ನಾಲ್ಕೈದು ತಟ್ಟೆಗಳು, ಅವನ್ನು ಹೊತ್ತ ಕಬ್ಬಿಣದ ಕಾಲುಗಳು, ಒಂದಿಷ್ಟು ವಾಯರು. ಹುಡುಗ ಎರಡೂ ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡು, ಕಣ್ಣು ಮುಚ್ಚಿ, ತಲೆ ಕುಣಿಸುತ್ತ ಬಡಿಯುತ್ತಾನೆ. ಅವನ ಕಿವಿಯೊಳಗೆ ಗುಡುಗು ಸಿಡಿಲು ನಡೆದಿರಬೇಕು. ಪಡಸಾಲೆಯಲ್ಲಿ ಕೂತ ನನಗೆ ಕೇಳುವುದು ಯಾರೋ ಹಪ್ಪಳದ ಹಿಟ್ಟು ಕುಟ್ಟುತ್ತಿರುವಂಥ ಟಪ್ ಟಪ್ ಮಾತ್ರ.

"ಮಗ್ಗಲ ಮನಿಯವರಿಗೆ ತ್ರಾಸ ಆಗಬಾರದಲ್ಲವ್ವಾ, ಅದಕ್ಕ ಇಂಥಾದ್ದು ತಂದೀನಿ" ಎಂದು ಮಗ ಹೆಮ್ಮೆಯಿಂದ ಹೇಳಿದ. ಸದ್ದಿಲ್ಲದ ಡ್ರಮ್ಮು, ಖಾರವಿಲ್ಲದ ಮೆಣಸಿನಕಾಯಿ, ಕೆಸರಿಲ್ಲದ ಮಳೆ, ಇವೆಲ್ಲ ಸಿಗುವ ಕಾಲದಲ್ಲಿ ನೀವು ಹುಟ್ಟಿದ್ದೀರಿ, ಮಕ್ಕಳೇ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನೂ ಹೋಗಿ ಆ ಸ್ಟೂಲಿನ ಮೇಲೆ ಕೂತು ಎರಡು ಏಟು ಹಾಕಿದೆ. ಅದು ಸತ್ತಂತೆ ಸುಮ್ಮನಿತ್ತು. ಅಷ್ಟರಲ್ಲಿ ನೀವು ಮೊಮ್ಮಕ್ಕಳಿಬ್ಬರೂ ಬಾಗಿಲಿಗೆ ಬಂದು ನಿಂತಿದ್ದಿರಿ. "ಅಜ್ಜೀ, ನಿನಗ ಡ್ರಮ್ ಬಾರಸಾಕ ಬರ್ತೈತೇನು?" ಎಂದು ಕೇಳಿದಿರಿ. ನಾನು ಉತ್ತರ ಕೊಡುವ ಮೊದಲೇ ನಿಮ್ಮಪ್ಪ ಬಂದು ನನ್ನ ಮುಖ ನೋಡಿದ. ಆ ನೋಟ ನನಗೆ ಗೊತ್ತು. ಆಮೇಲೆ ಅಡುಗೆ ಮನೆಗೆ ಬಂದು ದನಿ ತಗ್ಗಿಸಿ, "ಆ ಶೆಡ್ಡಿನ ಕತಿ ಹುಡುಗರ ಮುಂದ ಹೇಳಬ್ಯಾಡವ್ವಾ, ಬೀಗರ ಮನೀತನಕ ಸುದ್ದಿ ಹೋದ್ರ ಛಲೋ ಕಾಣೂದಿಲ್ಲ" ಎಂದ.

ಸರಿ, ಹೇಳುವುದಿಲ್ಲ. ಬರೆಯಬೇಡ ಎಂದು ಅವನು ಅನ್ನಲಿಲ್ಲವಲ್ಲ.

ನಾನು ಎಂಥ ನಾಚಿಕೆಯ ಹುಡುಗಿಯಾಗಿದ್ದೆ ಎಂಬುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ಬೆಲೆ ಬರುವುದಿಲ್ಲ. ನವಲಗುಂದದ ಕಡೆಯ ಕರಿಮಣ್ಣಿನ ಹಳ್ಳಿಯಲ್ಲಿ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದೆ; ಅದು ಏಳನೆಯ ಇಯತ್ತೆ, ನಮ್ಮ ಊರ ಸಾಲೆಯಲ್ಲಿ ಅದರಾಚೆಗೆ ಗೋಡೆ. ಹದಿನೈದನೆಯ ವರ್ಷಕ್ಕೆ ಹೊಲಿಗೆ ಕಲಿಯಲೆಂದು ನನ್ನನ್ನು ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದ ಚಿಗವ್ವನ ಮನೆಗೆ ಕಳಿಸಿದರು. ಚಿಗವ್ವ ನನ್ನ ತಾಯಿಯ ತಂಗಿ. ಆಕೆಯ ಗಂಡ, ನಾನು ಕಾಕಾ ಎನ್ನುತ್ತಿದ್ದವರು, ಹತ್ತಿ ವ್ಯಾಪಾರದ ಅಂಗಡಿಯೊಂದರಲ್ಲಿ ಗುಮಾಸ್ತರು. ಮೊದಲ ವಾರ ಒಂದು ದಿನ ನನ್ನನ್ನು ಒಬ್ಬಳನ್ನೇ ಬಸ್ಸಿಗೆ ಹತ್ತಿಸಿದರು. ನಾನು ಇಳಿಯುವ ಸ್ಟಾಪು ಬಂತು. "ನಿಲ್ಲಿಸ್ರಿ" ಎಂಬ ಒಂದು ಮಾತು ಕಂಡಕ್ಟರನಿಗೆ ಹೇಳಲು ಬಾಯಿ ಬರಲಿಲ್ಲ. ಮುಂದಿನ ಸ್ಟಾಪಿನಲ್ಲೂ ಬರಲಿಲ್ಲ. ಕೊನೆಗೆ ಉಣಕಲ್ಲಿನಲ್ಲಿ ಯಾರೋ ಪುಣ್ಯಾತ್ಮರು ಇಳಿದಾಗ ಅವರ ಹಿಂದೆಯೇ ಇಳಿದು, ಕೆರೆಯ ದಂಡೆಗೆ ಕೂತು ಸ್ವಲ್ಪ ಅತ್ತು, ನಡೆದೇ ಮನೆಗೆ ಬಂದೆ. ಇಂಥ ಹುಡುಗಿ ಮುಂದೆ ಕಮರಿಪೇಟೆಯ ಒಂದು ಓಣಿಯನ್ನು ಎಬ್ಬಿಸಿ ಕೂರಿಸಿದಳೆಂದರೆ ನೀವು ನಂಬಲಿಕ್ಕಿಲ್ಲ. ನನಗೂ ಕೆಲವೊಮ್ಮೆ ಅನುಮಾನ ಬರುತ್ತದೆ.

ಬಾಯಿ ಬಾರದಿದ್ದರೂ ನನಗೆ ಕೈ ಬರುತ್ತಿತ್ತು. ನಮ್ಮೂರ ಮಠದಲ್ಲಿ ಪ್ರತಿ ಸೋಮವಾರ ಭಜನೆ. ಭಜನೆಗೆ ಬಾರಿಸುವ ಡಗ್ಗಾ ಮುಟ್ಟುವುದಿರಲಿ, ಅದನ್ನಿಟ್ಟ ಕಂಬಳಿಯ ಮೇಲೆ ಕೂಡಲೂ ಹೆಣ್ಣುಮಕ್ಕಳಿಗೆ ಅವಕಾಶವಿರಲಿಲ್ಲ. ನಾನು ಕಂಬದಾಚೆ ಕೂತು, ಬಾರಿಸುವವನ ಬೆರಳು ನೋಡುತ್ತ, ನನ್ನ ಮೊಣಕಾಲ ಮೇಲೆ ಬಾರಿಸಿಕೊಳ್ಳುತ್ತಿದ್ದೆ. ಆರೇಳು ವರ್ಷ ಹೀಗೆ ಮೊಣಕಾಲು ಬಡಿದುಕೊಂಡವರಿಗೆ ತಾಳ ಮೈಗೆ ಹತ್ತಿಬಿಡುತ್ತದೆ. ಹೊಲಿಗೆ ಕ್ಲಾಸಿನಲ್ಲಿ ಮಷೀನಿಗಾಗಿ ಪಾಳಿ ಕಾಯುತ್ತ, ಅದರ ಮರದ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದಾಗ, ಮುಂದಿನ ಸಾಲಿನಿಂದ ಒಬ್ಬಳು ತಿರುಗಿ ನೋಡಿದಳು.

"ಲೇ ಹಳ್ಯಾಕಿ, ಇನ್ನೊಮ್ಮೆ ಬಡಿ ಅದನ್ನ" ಎಂದಳು.

ಅವಳು ಶಕುಂತಲಾ. ಚಿಗವ್ವನ ಓಣಿಯವಳೇ, ಲಾರಿ ಮಾಲೀಕರ ಮಗಳು. ಹತ್ತಿಯ ಹೊರೆ ಹೇರಿಕೊಂಡು ಅವರ ಲಾರಿ ಮುಂಬಯಿಗೆ ಹೋಗುತ್ತಿತ್ತು; ಅಲ್ಲಿಂದ ಬರುವಾಗ ಅವಳಪ್ಪ ಒಮ್ಮೆ ಬುಲ್‌ಬುಲ್ ತರಂಗ ತಂದುಕೊಟ್ಟಿದ್ದರು. ಉದ್ದನೆಯ ಪೆಟ್ಟಿಗೆ, ತಂತಿಗಳು, ಟೈಪ್‌ರೈಟರಿನಂಥ ಗುಂಡಿಗಳು. ಅವಳ ಪಕ್ಕದಲ್ಲಿ ಕೂತವಳು ಫ್ಲೋರಾ. ಅವಳಪ್ಪನಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ, ಮನೆಯಲ್ಲಿ ರೇಡಿಯೋ, ಗೋಡೆಗೆ ತೂಗುಹಾಕಿದ ಒಂದು ಗಿಟಾರು. ಅದಕ್ಕೆ ಆರು ತಂತಿ ಇರಬೇಕಂತೆ, ಇದ್ದದ್ದು ಐದು. ಆರನೆಯದು ಕಿತ್ತುಹೋಗಿತ್ತು, ಹುಬ್ಬಳ್ಳಿಯಲ್ಲಿ ಸಿಕ್ಕಿರಲಿಲ್ಲ. ಫ್ಲೋರಾ ಐದರಲ್ಲೇ ಕಲಿತಿದ್ದಳಾದ್ದರಿಂದ ಆರನೆಯದು ಇದ್ದರೆ ತನಗೇ ಗೊಂದಲವಾಗುತ್ತದೆ ಎನ್ನುತ್ತಿದ್ದಳು.

ಲಾರಿ ಮುಂಬಯಿಗೆ ಹೋದಾಗ ಅದರ ಶೆಡ್ಡು ಐದಾರು ದಿನ ಖಾಲಿ. ಆ ದಿನಗಳು ನಮ್ಮವು. ಲಾರಿ ಇದ್ದರೆ ನಮಗೆ ಜಾಗವಿಲ್ಲ. ಹೀಗಾಗಿ ನಮ್ಮ ಸಂಗೀತವೆಲ್ಲ ಹತ್ತಿಯ ಧಾರಣೆಯನ್ನು ಅವಲಂಬಿಸಿತ್ತು. ವ್ಯಾಪಾರ ಬಿರುಸಾಗಿದ್ದ ತಿಂಗಳು ನಾವು ಬಹಳ ಸುಧಾರಿಸಿದೆವು. ನನ್ನ ವಾದ್ಯವನ್ನು ನಾನೇ ಮಾಡಿಕೊಂಡೆ: ಎಣ್ಣೆಯ ದೊಡ್ಡ ಡಬ್ಬಿಯ ಬಾಯಿಗೆ ಲಾರಿ ಚಕ್ರದ ಹರಿದ ಟ್ಯೂಬಿನ ರಬ್ಬರನ್ನು ಎಳೆದು ಕಟ್ಟಿದರೆ ಧುಂ, ಅದರ ಪಕ್ಕ ಬರಿಯ ತಗಡಿನ ಡಬ್ಬಿಯನ್ನು ಬೋರಲು ಹಾಕಿದರೆ ಠಣ್. ಶೆಡ್ಡಿಗೆ ಗ್ರೀಸಿನ ವಾಸನೆ. ಜಂತಿಗೆ ಅಂಟಿದ್ದ ಹತ್ತಿಯ ಎಳೆಗಳು ನಾನು ಬಡಿದ ಹಾಗೆಲ್ಲ ಉದುರಿ, ಅರ್ಧ ಗಂಟೆಯಲ್ಲಿ ನಾವು ಮೂವರೂ ಮುದುಕಿಯರಾಗುತ್ತಿದ್ದೆವು.

ಏನು ಬಾರಿಸುತ್ತಿದ್ದೆವು? ರೇಡಿಯೋದಲ್ಲಿ ಕೇಳಿದ ಸಿನೆಮಾ ಹಾಡುಗಳ ಅರ್ಧರ್ಧ ಧಾಟಿ. ಉಳಿದರ್ಧವನ್ನು ನಾವೇ ಹುಟ್ಟಿಸಿಕೊಳ್ಳುತ್ತಿದ್ದೆವು. ಆದರೆ ನಮ್ಮದೇ ಎನ್ನುವಂಥದ್ದು ಒಂದಿತ್ತು. ನಮ್ಮವ್ವ ಜೋಳ ಬೀಸುವಾಗ ಹಾಡುತ್ತಿದ್ದ ಒಂದು ಪದವನ್ನು ನಾನು ಗುನುಗಿದೆ. ಫ್ಲೋರಾ ಅದನ್ನು ಗಿಟಾರಿಗೆ ಹತ್ತಿಸಿ, ನಾಲ್ಕು ಪಟ್ಟು ಜೋರು ಓಡಿಸಿದಳು. ಬೀಸುಕಲ್ಲು ರೈಲುಗಾಡಿಯಾಯಿತು. ಆ ವೇಗಕ್ಕೆ ಯಾರಾದರೂ ಬೀಸಿದ್ದರೆ ಹಿಟ್ಟಿಗೆ ಬೆಂಕಿ ಹತ್ತುತ್ತಿತ್ತು. ಓಣಿಯ ಹೆಂಗಸರು ನಮಗೆ ಡಬ್ಬಿ ಮೇಳ ಎಂದು ಹೆಸರಿಟ್ಟರು. ಅಣಕಿಸಲೆಂದೇ ಇಟ್ಟದ್ದು. ನಾವು ಅದನ್ನೇ ಇಟ್ಟುಕೊಂಡೆವು.

ಮೊದಲ ಸಲ ನಾಲ್ಕು ಜನರ ಮುಂದೆ ಬಾರಿಸಿದ್ದು ಓಣಿಯ ಒಂದು ಕುಬಸದಲ್ಲಿ. ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಆ ಕಾರ್ಯಕ್ಕೆ ಗಂಡಸರು ಬರುವುದಿಲ್ಲವಾದ್ದರಿಂದ ನಮ್ಮನ್ನು ಕರೆದರು. ಆರತಿ ಹಾಡು ಮುಗಿದ ಮೇಲೆ ನಾವು ಬೀಸುವ ಪದ ಎತ್ತಿಕೊಂಡೆವು. ಮೊದಲು ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮೇಲೆ ಹಲ್ಲಿಲ್ಲದ ಒಬ್ಬ ಮುದುಕಿ ಎದ್ದು, "ಲಗೂ ಬಾರಸ್ರೆವ್ವಾ, ನನಗ ವ್ಯಾಳೆ ಭಾಳ ಉಳಿದಿಲ್ಲ" ಎಂದು ಕುಣಿಯತೊಡಗಿದಳು. ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿದ್ದವರಲ್ಲಿ ನಮ್ಮ ಹೊಲಿಗೆ ಕ್ಲಾಸಿನ ಬಾಯಿಯವರೂ ಇದ್ದರು. ಟೀಚರಿಗೆ ನಾವು ಹಾಗೆ ಅನ್ನುತ್ತಿದ್ದೆವು. ಮುಂದಿನ ತಿಂಗಳು ಸಾಲೆಯ ಸಭಾಗೃಹದಲ್ಲಿ ಅವರ ಮಹಿಳಾ ಮಂಡಳದ ವಾರ್ಷಿಕ ಸಮಾರಂಭವಿತ್ತು. "ಅಲ್ಲೂ ಬಾರಸ್ರಿ" ಎಂದರು. ನಾವು ಮೂವರೂ ಮಾತು ಕೊಟ್ಟೆವು. ನಾನು ಕೊಟ್ಟದ್ದು ತಲೆಯಾಡಿಸಿ.

ಸದ್ದಿಗೊಂದು ಕೆಟ್ಟ ಗುಣವಿದೆ, ಅದು ಗೋಡೆಯೊಳಗೆ ಇರುವುದಿಲ್ಲ. ಎರಡೇ ದಿನಕ್ಕೆ ಅಂಗಡಿಯಲ್ಲಿ ಯಾರೋ ಕಾಕಾನ ಕಿವಿಗೆ ಹಾಕಿದರು. ಮನೆಗೆ ಬಂದವರು ಟೋಪಿ ತೆಗೆಯದೆಯೇ, "ನಿಮ್ಮಪ್ಪ ನಿನ್ನ ಹೊಲಿಯಾಕ ಕಳಸ್ಯಾನ, ಬಾರಸಾಕಲ್ಲ" ಎಂದರು. ನನಗಲ್ಲ, ನನ್ನ ಪಕ್ಕದ ಗೋಡೆಗೆ ಹೇಳಿದಂತೆ. ಬಡಿಯುವ ಕೈಗೆ ಬಳೆ ತೊಡಿಸಿಬಿಡಬೇಕು ಎಂಬುದು ಅವರ ಲೆಕ್ಕ. ಆ ವಾರದಲ್ಲೇ ಒಂದು ವರ ನೋಡಿದರು. ಗದಗಿನ ಕಡೆಯ ಕಿರಾಣಿ ವ್ಯಾಪಾರದ ಮನೆತನ. ಕನ್ಯೆ ನೋಡಲು ಬರುವ ದಿನ ಸಮಾರಂಭಕ್ಕೆ ಎರಡು ದಿನ ಮೊದಲು ಬಿತ್ತು. ಒಪ್ಪಿದರೆ ಡಬ್ಬಿ ಮುಟ್ಟುವ ಹಾಗಿಲ್ಲ. ಡಬ್ಬಿ ಮುಟ್ಟುತ್ತೇನೆಂದು ಗೊತ್ತಾದರೆ ಅವರು ಒಪ್ಪುವುದಿಲ್ಲ.

ಆಗಿನ ಕನ್ಯಾಪರೀಕ್ಷೆಯ ಮುಂದೆ ಮುಲ್ಕಿ ಪರೀಕ್ಷೆ ಏನೂ ಅಲ್ಲ. ನಡೆಸಿ ನೋಡುವರು, ಜಡೆ ಹಿಡಿದು ನೋಡುವರು, ಸೂಜಿಗೆ ದಾರ ಪೋಣಿಸಲು ಹೇಳಿ ಕಣ್ಣು ನೋಡುವರು. ಕಡೆಗೆ ವರನ ತಾಯಿ ಹುಡುಗಿಯ ಅಂಗೈ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡುವಳು. ಇದು ನೆನಪಾದದ್ದೇ ಚಿಗವ್ವ ನನ್ನ ಕೈ ಎಳೆದು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು. ತಗಡು ಬಡಿದು ಬಡಿದು ನನ್ನ ಬೆರಳಿನ ತುದಿಗಳೂ ಅಂಗೈಯ ಬುಡವೂ ಜಡ್ಡುಗಟ್ಟಿದ್ದವು.

"ಯವ್ವಾ ನನ ಶಿವನ! ಇದು ಕೈಯೋ, ಮಚ್ಚಿ ಅಟ್ಟಿಯೋ?" ಎಂದಳು. ಮಚ್ಚಿ ಅಟ್ಟಿ ಎಂದರೆ ಚಪ್ಪಲಿಯ ತಳ.

ಅಂದಿನಿಂದ ಎಂಟು ದಿನ, ದಿನಕ್ಕೆ ಮೂರು ಸಲ ಬೆಣ್ಣೆ. ಶೆಡ್ಡು ಬಂದ್. ಬೆಣ್ಣೆ ಸವರಿ, ಉಜ್ಜಿ, ಹಳೆಯ ಧೋತರದ ಚೂರು ಸುತ್ತಿ ಕೂರಿಸುತ್ತಿದ್ದಳು. ಆ ವಾರ ಕಾಕಾ ರೊಟ್ಟಿಯ ಮೇಲೆ ಬೆಣ್ಣೆ ಕಾಣಲಿಲ್ಲ. ಶಕುಂತಲಾ ಕಿಟಕಿಯಿಂದ ಇಣುಕಿ, "ಏನ್ ಬೇ, ಕೈಯಾಗ ತುಪ್ಪಾ ಕಾಸಾಕತ್ತಾರೇನು?" ಎಂದು ಅಣಕಿಸಿ ಹೋದಳು. ನಾನು ಎಲ್ಲಕ್ಕೂ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಬರುತ್ತಿದ್ದ ಇನ್ನೊಂದು ವಿದ್ಯೆ, ಅದರಲ್ಲಿ ಯಾರೂ ನನ್ನನ್ನು ಮೀರಿಸುವಂತಿರಲಿಲ್ಲ.

ಅವರು ಬಂದರು. ವರ ತಲೆಗೆ ಎಣ್ಣೆ ಹಚ್ಚಿಕೊಂಡು ಜಂತಿ ಎಣಿಸುತ್ತ ಕೂತಿದ್ದ. ಅವನ ತಾಯಿ ದೊಡ್ಡ ಕುಂಕುಮದ, ಕಂಚಿನ ಕಂಠದ ಹೆಂಗಸು. ನಡೆಸಿದರು, ಜಡೆ ನೋಡಿದರು, ದಾರ ಪೋಣಿಸಿಯಾಯಿತು. ಆಕೆ ನನ್ನ ಅಂಗೈ ಹಿಡಿದಳು. ಎಂಟು ದಿನದ ಬೆಣ್ಣೆ ಚರ್ಮವನ್ನು ಮೆತ್ತಗೆ ಮಾಡಿತ್ತೇ ಹೊರತು ಗಂಟುಗಳನ್ನು ಕರಗಿಸಿರಲಿಲ್ಲ. ಆಕೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು, ಮುಖ ಅರಳಿತು.

"ದುಡದ ಕೈ ನೋಡ್ರಿ ಇದು! ಬೀಸೋ ಕಲ್ಲಿನ ಗೂಟಾ ಹಿಡದು ಹಿಂಗಾಗ್ಯಾವ. ಈಗಿನ ಹುಡುಗ್ಯಾರ ಕೈ ಅಂದ್ರ ನೆನಸಿದ ಅವಲಕ್ಕಿ ಆಗಿರ್ತಾವ."

ಚಿಗವ್ವನಿಗೆ ಹೋದ ಜೀವ ಬಂದಂತಾಯಿತು. "ಹೌದ್ರಿ, ನಸುಕಿನ್ಯಾಗ ಎದ್ದು ಎರಡು ಪಡಿ ಜ್ವಾಳ ಬೀಸಿದ ಮ್ಯಾಲ ಮಾರಿ ತೊಳಕೋತಾಳ್ರಿ" ಎಂದಳು. ಆ ಮನೆಯಲ್ಲಿ ಬೀಸುಕಲ್ಲು ಮೂಲೆ ಸೇರಿ ವರ್ಷಗಳಾಗಿದ್ದವು. ಜೋಳ ಗಿರಣಿಗೆ ಹೋಗುತ್ತಿತ್ತು. ಗೂಟ ಹಿಡಿದರೆ ಬೆರಳ ಬುಡ ಒರಟಾಗುತ್ತದೆ, ತುದಿ ಅಲ್ಲ, ಎಂಬುದು ವರನ ತಾಯಿಗೂ ಗೊತ್ತಿರಬೇಕಿತ್ತು. ಆದರೆ ನಮಗೆ ಏನು ಬೇಕೋ ಅದನ್ನೇ ಅಲ್ಲವೇ ನಾವು ಒತ್ತಿ ನೋಡುವುದು?

ಇನ್ನು ನಾನು ಮಾಡಬೇಕಾದದ್ದು ಇಷ್ಟೆ: ಸುಮ್ಮನಿರುವುದು. ಹದಿನೈದು ವರ್ಷ ಅದನ್ನೇ ಅಭ್ಯಾಸ ಮಾಡಿದ್ದೆ. ಇವತ್ತಿಗೂ ನನಗೆ ಪೂರ್ತಿ ತಿಳಿಯದು, ಬಸ್ಸು ನಿಲ್ಲಿಸಲು ಬಾರದ ಬಾಯಿ ಅಲ್ಲಿ ಹೇಗೆ ತೆರೆಯಿತೆಂದು. ಬೈದಿದ್ದರೆ ಸುಮ್ಮನಿರುತ್ತಿದ್ದೆ. ಹೊಗಳಿದ್ದೇ ತಡೆಯಲಾಗಲಿಲ್ಲ. ಆ ಕೈಯನ್ನು ನಾನು ಕಷ್ಟಪಟ್ಟು ಮಾಡಿಕೊಂಡಿದ್ದೆ. ಗ್ರೀಸಿನ ವಾಸನೆಯಲ್ಲಿ, ಹತ್ತಿ ಉದುರುವಾಗ, ಒಂದೇ ಏಟನ್ನು ನೂರು ಸಲ ತಪ್ಪಿ ನೂರಾ ಒಂದನೆಯ ಸಲ ಸರಿಯಾಗಿ ಹಾಕಿ ಮಾಡಿಕೊಂಡ ಕೈ. ಅದನ್ನು ನನ್ನ ಕಣ್ಣೆದುರಿಗೇ ಬೀಸುಕಲ್ಲಿಗೆ ಬರೆದುಕೊಡುತ್ತಿದ್ದರು.

"ಇವು ಬೀಸಿ ಆಗಿಲ್ರಿ" ಎಂದೆ. "ಬಾರಿಸಿ ಆಗ್ಯಾವ."

"ಏನ್ ಬಾರಿಸಿ?"

"ಡಬ್ಬಿರಿ. ಲಾರಿ ಶೆಡ್ಡಿನ್ಯಾಗ."

ಆಕೆ ನನ್ನ ಕೈಯನ್ನು ಕಾದ ಹಂಚು ಬಿಟ್ಟಂತೆ ಬಿಟ್ಟಳು. ವರ ಜಂತಿ ಬಿಟ್ಟು ಮೊದಲ ಸಲ ನನ್ನನ್ನು ನೋಡಿದ. ನಕ್ಕನೋ ಏನೋ, ತಾಯಿ ತಿರುಗಿದ್ದೇ ಮತ್ತೆ ಜಂತಿಗೆ ಹೋದ. "ಹೇಳಿ ಕಳಸ್ತೀವ್ರಿ" ಎಂದು ಎದ್ದರು. ಹಾಗೆ ಹೇಳಿ ಹೋದವರು ಎಂದೂ ಹೇಳಿ ಕಳಿಸುವುದಿಲ್ಲ. ಉಳಿದ ಉಪ್ಪಿಟ್ಟನ್ನು ಎರಡು ಹೊತ್ತು ನಾವೇ ತಿಂದೆವು.

"ನಾಳಿ ಮುಂಜಾನಿ ಬಸ್ಸಿಗೆ ಊರಿಗೆ ನಡಿ" ಎಂದರು ಕಾಕಾ. ಈ ಸಲ ಗೋಡೆಗಲ್ಲ, ನನಗೇ.

ಒಮ್ಮೆ ತೆರೆದ ಬಾಯಿ ಇನ್ನೂ ಮುಚ್ಚಿರಲಿಲ್ಲವೆಂದು ಕಾಣುತ್ತದೆ. "ನಾಡದು ಸಂಜಿ ತನಕ ಹೋಗಂಗಿಲ್ರಿ ಕಾಕಾ. ಮಾತು ಕೊಟ್ಟೀನಿ."

ಕಾಕಾ ಚಿಗವ್ವನ ಕಡೆ ನೋಡಿದರು. ಆಕೆ ತಾಟಿನಲ್ಲಿ ಬೆರಳಾಡಿಸುತ್ತಿದ್ದಳು. ಸುಳ್ಳು ಹೇಳಿ ಸಿಕ್ಕಿಬಿದ್ದವಳು ಆಕೆ; ನನ್ನ ಮೇಲೆ ಸಿಟ್ಟಾಗುವ ಎಲ್ಲ ಹಕ್ಕೂ ಆಕೆಗಿತ್ತು. "ಹೋಗಲಿ ಬಿಡ್ರಿ, ಬಾರಿಸೇ ಹೋಗಲಿ" ಎಂದಳು. "ಹೆಂಗೂ ಊರಿಗೆಲ್ಲಾ ಗೊತ್ತಾಗೂದೈತಿ. ಛಲೋತ್ನ್ಯಾಗಿ ಬಾರಿಸಿದ್ಲು ಅಂತನರ ಗೊತ್ತಾಗಲಿ."

ಸಮಾರಂಭದ ಸಂಜೆ ಸಭಾಗೃಹ ತುಂಬಿತ್ತು. ಬಾಗಿಲುಗಳಲ್ಲಿ, ಕಿಟಕಿಗಳಲ್ಲಿ, ಹೆಂಡಂದಿರನ್ನು ಕರೆದುಕೊಂಡು ಹೋಗಲು ಬಂದ ಗಂಡಸರೂ ನಿಂತಿದ್ದರು. ಬಾಯಿಯವರಿಗೆ ಕಡೆಯ ಗಳಿಗೆಯಲ್ಲಿ ಅಳುಕಾಯಿತು. "ಪರದೆ ಇಳಿಸಿಬಿಡೂಣೇನ್ರೆ? ನೀವು ಹಿಂದ ಕೂತು ಬಾರಸ್ರಿ, ಸಪ್ಪಳಾ ಹೊರಗ ಬಂದರ ಸಾಕಲ್ಲ?" ಎಂದರು. ಶಕುಂತಲಾ, ಫ್ಲೋರಾ ಇಬ್ಬರೂ ನನ್ನನ್ನು ನೋಡಿದರು. ನನ್ನ ನಾಚಿಕೆ ಅವರಿಗೆ ಗೊತ್ತಿತ್ತು. ನಾನು ಹೂಂ ಅನ್ನುತ್ತೇನೆಂದೇ ಅವರ ಎಣಿಕೆ. ನಿಜ ಹೇಳುತ್ತೇನೆ, ಆ ಪರದೆ ನನಗೆ ಬೇಕಾಗಿತ್ತು. ಅದರ ಹಿಂದೆ ಹೊಕ್ಕು, ಸಾಧ್ಯವಾದರೆ ಅದನ್ನೇ ಸುತ್ತಿಕೊಂಡು ಕೂಡಬೇಕೆನಿಸಿತ್ತು.

"ಬ್ಯಾಡ್ರಿ ಬಾಯಾರ. ಹೇಳೋದು ಹೇಳಿ ಆಗೇತಿ, ಇನ್ನ ಪರದೆ ಯಾರ ಸಲುವಾಗಿ?" ಎಂದೆ.

ಕೂತು ಬಾರಿಸುವ ವಾದ್ಯಕ್ಕೆ ಇದೊಂದು ಅನುಕೂಲ, ಕಾಲು ನಡುಗಿದರೆ ಯಾರಿಗೂ ಕಾಣುವುದಿಲ್ಲ. ಮೊದಲ ಹಾಡು ಸರಿ ಹೋಯಿತು. ಎರಡನೆಯದರ ನಡುವೆ ಅಂಗೈ ಉರಿಯತೊಡಗಿತು. ಎಂಟು ದಿನದ ಬೆಣ್ಣೆ ತನ್ನ ಕೆಲಸ ಮಾಡಿತ್ತು. ನೆನೆದು ಮೆತ್ತಗಾಗಿದ್ದ ಚರ್ಮ ತಗಡಿನ ಏಟಿಗೆ ಸೀಳಿತು. ಬೀಸುವ ಪದ ಎತ್ತಿಕೊಳ್ಳುವ ಹೊತ್ತಿಗೆ ಕರಿ ರಬ್ಬರಿನ ಮೇಲೆ ರಕ್ತದ ಬೆರಳಚ್ಚುಗಳು ಮೂಡುತ್ತಿದ್ದವು. ಫ್ಲೋರಾ ನೋಡಿದಳು. ಗಿಟಾರು ಬಾರಿಸುತ್ತಲೇ ಬಾಗಿ, "ನಿಲ್ಲಸೂಣೇನ?" ಎಂದಳು.

"ನಿಲ್ಲಿಸಿದ್ರ ನಿನ್ನ ಉಳಿದ ಐದೂ ತಂತಿ ಕೀಳತೇನಿ" ಎಂದೆ. ಬಾರಿಸಲು ಕೂತ ಮೇಲೆ ನಾನು ಆಡಿದ ಒಂದೇ ಮಾತು ಅದು.

ಬಾರಿಸಿದೆವು. ಬೀಸುಕಲ್ಲು ರೈಲಾಗಿ ಓಡಿತು. ಕೆಲವರು ಎದ್ದು ಹೋದರು, ಬಾಗಿಲಲ್ಲಿ ಯಾರೋ ಸೀಟಿ ಹೊಡೆದರು, ಒಬ್ಬರು "ಏನ್ ಕಾಲ ಬಂತಪ" ಎಂದದ್ದು ನಮ್ಮವರೆಗೂ ಕೇಳಿತು. ನಾನು ಆ ಮಾತಿನ ಮೇಲೆಯೇ ಒಂದು ಏಟು ಹಾಕಿದೆ. ಕೊನೆಯಲ್ಲಿ ಚಪ್ಪಾಳೆ ಬಿತ್ತು. ಎಷ್ಟು ಎಂದು ಕೇಳಬೇಡಿ, ನನಗೆ ಬೇಕಾದಷ್ಟು. ಎರಡನೆಯ ಸಾಲಿನಲ್ಲಿ ಚಿಗವ್ವ ಚಪ್ಪಾಳೆ ತಟ್ಟುತ್ತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಅರಿಷಿಣ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. "ಗಟ್ಟಿ ಇದ್ದದ್ದನ್ನ ನಾನ ಮೆತ್ತಗ ಮಾಡಿದ್ನಲ್ಲವಾ" ಎಂದಳು. ತಪ್ಪಾಯಿತು ಎನ್ನುವ ರೂಢಿ ಆ ಕಾಲದ ಹಿರಿಯರಲ್ಲಿರಲಿಲ್ಲ. ಅದರ ಬದಲು ರೊಟ್ಟಿ ಮುರಿದು ಒಂದೊಂದೇ ತುತ್ತು ನನ್ನ ಬಾಯಿಗಿಟ್ಟಳು. ಕಾಕಾ ಎಲ್ಲವನ್ನೂ ನೋಡಿಯೂ ನೋಡದವರಂತೆ ಪೇಪರು ಓದುತ್ತಿದ್ದರು. ಮರುದಿನ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಊರಿನ ಬಸ್ಸು ಹತ್ತಿದೆ. ಮೇಳ ಅಲ್ಲಿಗೆ ಮುಗಿಯಿತು. ಫ್ಲೋರಾಳ ಅಪ್ಪನಿಗೆ ವರ್ಗವಾಯಿತು, ಶಕುಂತಲಾ ಧಾರವಾಡಕ್ಕೆ ಸೊಸೆಯಾಗಿ ಹೋದಳು. ಜನರ ಮುಂದೆ ಒಟ್ಟು ಬಾರಿಸಿದ್ದು ಎರಡು ಸಲ. ಇಂಥದ್ದನ್ನು ನೆನೆದು ನಿಟ್ಟುಸಿರು ಬಿಡಬೇಕೆಂದು ಪದ್ಧತಿ ಇದೆ. ನಾನು ಬಿಡುವುದಿಲ್ಲ. ಎರಡು ಸಲವಾದರೂ ಪೂರಾ ಬಾರಿಸಿದೆವು.

ಊರಲ್ಲಿ ಎರಡು ವರ್ಷ ಯಾರೂ ನೋಡಲು ಬರಲಿಲ್ಲ. ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಆಮೇಲೆ ನಿಮ್ಮ ಅಜ್ಜನ ಮನೆಯವರು ಬಂದರು. ನಮ್ಮವ್ವ ಹಿಂದಿನ ದಿನವೇ ಕೈ ಮುಗಿದು, "ನಿನ ಬಾಯಿ ಮುಚ್ಚಿಕೊಂಡು ಕುಂದ್ರು, ನಮ್ಮವ್ವಾ" ಎಂದಿದ್ದಳು. ಅಂಗೈಗೆ ಹಚ್ಚಲು ಬೆಣ್ಣೆಯನ್ನೂ ತೆಗೆದಿಟ್ಟಿದ್ದಳು. ಅದನ್ನು ನಾನು ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಮಣೆಯ ಮೇಲೆ ಕೂತವಳು, ಯಾರೂ ಕೇಳುವ ಮೊದಲೇ, ಎರಡೂ ಕೈ ಮುಂದೆ ಚಾಚಿದೆ. ಗಾಯದ ಗೆರೆಗಳು ಹಾಗೇ ಇದ್ದವು.

"ಇವು ಡಬ್ಬಿ ಬಾರಿಸಿ ಆದದ್ದು ನೋಡ್ರಿ. ಆಮ್ಯಾಲ ಗೊತ್ತಾತು ಅನಬಾರದು."

ನಮ್ಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಮಾತಾಡಬಾರದಾಗಿದ್ದ ಇನ್ನೊಬ್ಬರು, ನಿಮ್ಮ ಅಜ್ಜ, ಅಷ್ಟು ಜನರ ನಡುವೆ ಮೆಲ್ಲಗೆ, "ನಮ್ಮ ಮನ್ಯಾಗ ಬಾರಸಾಕ ಏನೂ ಇಲ್ಲಲ್ಲ" ಎಂದರು. ಅದು ಚಿಂತೆಯೋ, ಚೇಷ್ಟೆಯೋ, ಅವರು ತೀರಿಹೋಗುವವರೆಗೂ ನನಗೆ ಹೇಳಲಿಲ್ಲ.

"ನೀರಿನ ಕೊಡಾ ಇರ್ತಾವಲ್ರಿ" ಎಂದೆ.

ಅದು ನಿಮ್ಮ ಅಜ್ಜನ ಜೊತೆ ನಾನು ಆಡಿದ ಮೊದಲ ಮಾತು. ನಲವತ್ತೆಂಟು ವರ್ಷ ಸಂಸಾರ ಮಾಡಿದೆ, ಮಕ್ಕಳೇ. ಊರ ಮುಂದೆ ನಾಚಿಕೆ ನನಗೆ ಇನ್ನೂ ಹೋಗಿಲ್ಲ. ಆದರೆ ಆ ದಿನದ ಆ ದನಿಗಿಂತ ಸಣ್ಣ ದನಿಯಲ್ಲಿ ನಿಮ್ಮ ಅಜ್ಜನ ಮುಂದೆ ಒಂದು ದಿನವೂ ಮಾತಾಡಲಿಲ್ಲ.